ಹತ್ತಿ ಅಂದಾಗ ಸೊಂಡಿಲು ತೋರಿಸಿದ ಹುಡುಗ

ಪ್ರಶ್ನೆ: ಮರಾಠಿ ಮಾಧ್ಯಮ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಮಕ್ಕಳ ಮನೆಯಲ್ಲಿ, ಓಣಿಯಲ್ಲಿ ಎಲ್ಲ ಮರಾಠಿಯೇ. "ತಿಳೀತಾ?" ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. ಮರುದಿನ ಕೇಳಿದರೆ ಏನೂ ನೆನಪಿರುವುದಿಲ್ಲ. ತರಬೇತಿಯಲ್ಲಿ ಹಾವಭಾವ ಬಳಸಿ ಅನ್ನುತ್ತಾರೆ. ಮರಾಠಿಯಲ್ಲೇ ಅರ್ಥ ಹೇಳಿಬಿಟ್ಟರೆ ಬೇಗ ಮುಗಿಯುತ್ತದೆ, ಅಲ್ವಾ? ಕೈಸನ್ನೆಯಿಂದ ನಿಜವಾಗಿ ಲಾಭ ಇದೆಯಾ?
– ಶಿಕ್ಷಕಿ, ಖಾನಾಪುರ ತಾಲ್ಲೂಕು

ಉತ್ತರ: ಅಡ್ಡಿಯಾದ ಕಡೆ ಮರಾಠಿಯಲ್ಲಿ ಒಂದು ಮಾತು ಹೇಳುವುದು ತಪ್ಪಲ್ಲ, ಟೀಚರ್. ಆದರೆ ಪ್ರತಿ ಪದಕ್ಕೂ ಹಾಗೆ ಮಾಡಿದರೆ ಮಕ್ಕಳು ಕನ್ನಡದ ಮಾತು ಬಿಟ್ಟು, ಅದರ ಹಿಂದೆ ಬರುವ ಮರಾಠಿಗೆ ಕಾಯುತ್ತಾರೆ. ಕಿವಿ ಕನ್ನಡಕ್ಕೆ ತೆರೆಯುವುದೇ ಇಲ್ಲ.

ನಿಮ್ಮ ಕಡೆಯದೇ ಒಂದು ಶಾಲೆಯಲ್ಲಿ ಪಾಠ ನೋಡುತ್ತ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಟೀಚರ್ "ಹೊಲದ ತುಂಬ ಹತ್ತಿ" ಎಂದು ಓದಿದರು. ನನ್ನ ಮುಂದಿದ್ದ ಹುಡುಗ ಮೆಲ್ಲಗೆ ಮೊಣಕೈ ಮೂಗಿಗೆ ತಂದು, ಕೈ ಕೆಳಗೆ ಇಳಿಬಿಟ್ಟು ಅಲ್ಲಾಡಿಸಿದ. ಸೊಂಡಿಲು! ಮರಾಠಿಯಲ್ಲಿ ಹತ್ತೀ ಅಂದರೆ ಆನೆ. ಖಾನಾಪುರದ ಕಾಡಂಚಿನಲ್ಲಿ ಆನೆ ಗದ್ದೆಗೆ ನುಗ್ಗುವುದು ಹೊಸ ಸುದ್ದಿಯಲ್ಲ. ಹತ್ತಿ ಬೆಳೆಯುವುದು ಬೈಲಹೊಂಗಲ, ಸವದತ್ತಿ ಕಡೆಯ ಎರೆಹೊಲದಲ್ಲಿ. ಈ ಮಗು ಅದನ್ನು ನೋಡಿಯೇ ಇರಲಿಲ್ಲ. ಹೊಲದ ತುಂಬ ಆನೆ ಅಂದುಕೊಂಡಿದ್ದರಲ್ಲಿ ಅವನ ತಪ್ಪೇನಿದೆ? ಆಗ "ತಿಳೀತಾ?" ಎಂದು ಕೇಳಿದ್ದರೆ ಅವನೂ ಹೂಂ ಅಂತ ತಲೆ ಆಡಿಸುತ್ತಿದ್ದ. ಸುಳ್ಳು ಹೇಳಲು ಅಲ್ಲ. ಅವನಿಗೆ ನಿಜವಾಗಿಯೂ ತಿಳಿದಿತ್ತು, ಬೇರೆ ಏನೋ ತಿಳಿದಿತ್ತು. ಮರುದಿನ ಆ ಟೀಚರ್ ದೀಪದ ಬತ್ತಿಗೆ ಇಟ್ಟಿದ್ದ ಹತ್ತಿ ತಂದರು. ಒಬ್ಬೊಬ್ಬರ ಅಂಗೈಗೂ ಒಂದೊಂದು ಎಳೆ ಕೊಟ್ಟು "ಹತ್ತಿ, ಊದಿ" ಅಂದರು. ಇಡೀ ತರಗತಿಯಲ್ಲಿ ಹತ್ತಿ ಹಾರಿತು.

ಹಾಗಾಗಿ ನನ್ನ ಮೊದಲ ಮಾತು ಇದು. ಸನ್ನೆ ಅಂದರೆ ನೀವು ಮಾಡುವುದು ಮಾತ್ರ ಅಲ್ಲ. ಮಕ್ಕಳ ಕೈಯಿಂದಲೂ ಮಾಡಿಸಿ. "ತಿಳೀತಾ?" ಅನ್ನುವ ಪ್ರಶ್ನೆ ಬಿಟ್ಟು "ಮಾಡಿ ತೋರಿಸಿ" ಅನ್ನಿ. ನಮ್ಮ ಕಡೆ ತಲೆ ಆಡಿಸುವುದಕ್ಕೆ ಹೂಂ, ಆಗಲಿ, ಕೇಳ್ತಾ ಇದ್ದೀನಿ, ಸಾಕು ಬಿಡಿ ಎಂಬ ಎಲ್ಲ ಅರ್ಥಗಳೂ ಇವೆ. ಅದನ್ನು ನಂಬಿ ಮುಂದಿನ ಪಾಠಕ್ಕೆ ಹೋಗಬೇಡಿ.

ನೆನಪಿನ ವಿಷಯಕ್ಕೂ ಇದು ಮುಖ್ಯ. ಮಾರಿಯಾನ್ ಟೆಲಿಯೆ ಅವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 5 ವರ್ಷದ ಆಸುಪಾಸಿನ 20 ಫ್ರೆಂಚ್ ಮಕ್ಕಳಿಗೆ 8 ಇಂಗ್ಲಿಷ್ ಪದ ಕಲಿಸಿದರು. ಕೆಲವರಿಗೆ ಚಿತ್ರ ತೋರಿಸಿ, ಕೆಲವರಿಗೆ ಸನ್ನೆಯಿಂದ. ಸನ್ನೆಯನ್ನು ತಾವೂ ಮಾಡಿದ ಮಕ್ಕಳು ಪದಗಳನ್ನು ನೆನಪಿನಿಂದ ಹೇಳುವುದರಲ್ಲಿ ಮುಂದಿದ್ದರು. ಆದರೆ ಸನ್ನೆ ಮಾತಿನ ಅರ್ಥಕ್ಕೆ ಹೊಂದಬೇಕು. ಜಪಾನಿ ಕ್ರಿಯಾಪದಗಳನ್ನು ಕಲಿತ ದೊಡ್ಡವರ ಮೇಲೆ 2009ರಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ, ಹೊಂದುವ ಸನ್ನೆ ಕಲಿಕೆಗೆ ನೆರವಾಯಿತು, ಹೊಂದದ ಸನ್ನೆ ಕೆಡಿಸಿತು. ಸುಮ್ನೆ ಕೈ ಬೀಸುತ್ತ ಮಾತಾಡಿದರೆ ಪ್ರಯೋಜನವಿಲ್ಲ.

ನಿಮ್ಮ ಮಕ್ಕಳಿಗೆ ಸನ್ನೆ ಹೆಚ್ಚು ಬೇಕಾಗುವುದು ಎಲ್ಲಿ ಗೊತ್ತಾ? ಮರಾಠಿಯಲ್ಲಿ ಎ–ಏ, ಒ–ಓ ಬೇರೆ ಬೇರೆ ಅಲ್ಲ. ಅದಕ್ಕೇ ಬೆಳೆ, ಬೇಳೆ ಎರಡೂ ಒಂದೇ ಥರ ಕೇಳಿಸುತ್ತವೆ. ಬೇಳೆ ಅನ್ನುವಾಗ ಎರಡು ಕೈಯಲ್ಲಿ ರಬ್ಬರ್ ಎಳೆದಂತೆ ಎಳೆಯಿರಿ. ಬೆಳೆ ಅನ್ನುವಾಗ ಒಂದು ಚಿಟಿಕೆ ಸಾಕು. ಮಕ್ಕಳೂ ಎಳೆಯಲಿ. ನಾಲ್ಕು ದಿನದಲ್ಲಿ ಕೈ ತಾನಾಗಿ ನಾಲಿಗೆಯನ್ನು ತಿದ್ದುತ್ತದೆ.

ಇನ್ನೊಂದು, "ನಾನು ಶಾಲೆಯಲ್ಲಿ ಹೋಗುತ್ತೇನೆ" ಅನ್ನುತ್ತಾರಲ್ವಾ? ಮರಾಠಿಯ 'ಶಾಳೇತ ಜಾತೋ' ಹಾಗೇ ಕನ್ನಡಕ್ಕೆ ಬಂದಿದೆ. ತಪ್ಪು ಅಂತ ಕೂಗಬೇಡಿ. ಮೂರು ಬೆರಳು ಎತ್ತಿ, ಒಂದೊಂದು ಬೆರಳಿಗೆ ಒಂದೊಂದು ಪದ. ಎರಡನೇ ಬೆರಳು ಹಿಡಿದು ಹುಬ್ಬೇರಿಸಿ, ಅಷ್ಟೇ. ಆಗಲೂ ಹೊಳೆಯದಿದ್ದರೆ ಕೈ ಮುಂದಕ್ಕೆ ಚಾಚಿ. ನನ್ನ ತರಗತಿಯಲ್ಲಿ ಕೈ ಮುಂದಕ್ಕೆ ಹೋದರೆ 'ಶಾಲೆಗೆ', ಎದೆಯ ಕಡೆ ಬಂದರೆ 'ಶಾಲೆಯಿಂದ', ಒಂದು ಕೈಯನ್ನು ಇನ್ನೊಂದರೊಳಗೆ ಇಟ್ಟರೆ 'ಶಾಲೆಯಲ್ಲಿ'. ಬೆರಳಿನಿಂದ ತಿದ್ದುವ ರೀತಿ ನನ್ನದಲ್ಲ. ಶಿಕ್ಷಕರು ಆದಷ್ಟು ಮೌನವಾಗಿರಬೇಕು ಎಂದ ಕ್ಯಾಲೆಬ್ ಗತೆನ್ಯೋ ಅವರ ಪದ್ಧತಿಯಲ್ಲಿ ಅದು ಬರುತ್ತದೆ. ಮಗು ತನ್ನ ತಪ್ಪನ್ನು ತಾನೇ ಹಿಡಿಯುವಾಗ ಅದರ ಮುಖ ನೋಡಬೇಕು ನೀವು!

ಒಂದು ಎಚ್ಚರಿಕೆ. ಪದ ಬಾಯಿಗೆ ಬಂದ ಮೇಲೆ ಸನ್ನೆ ನಿಲ್ಲಿಸಿ. ಇಲ್ಲದಿದ್ದರೆ ಮಕ್ಕಳು ಮಾತು ಬಿಟ್ಟು ಕೈಯನ್ನೇ ಓದುತ್ತಾರೆ. ಬೋರ್ಡಿನ ಕಡೆ ತಿರುಗಿಕೊಂಡು ಅದೇ ವಾಕ್ಯ ಹೇಳಿ ನೋಡಿ. ಆಗಲೂ ತಿಳಿದರೆ ಮಾತು ಬಂತು ಅಂತಲೇ ಅರ್ಥ.

ಪ್ರಶ್ನೆ: ಸಂವಹನದಲ್ಲಿ ಶೇ 93ರಷ್ಟು ಮಾತಿಲ್ಲದೆಯೇ ನಡೆಯುತ್ತದೆ ಎಂದು ಒಂದು ಕಾರ್ಯಾಗಾರದಲ್ಲಿ ಹೇಳಿದರು. ಹಾಗಿದ್ದರೆ ಪದ, ವ್ಯಾಕರಣಕ್ಕೆ ಇಷ್ಟು ಒದ್ದಾಡುವುದು ಯಾಕೆ?
– ಇಂಗ್ಲಿಷ್ ಶಿಕ್ಷಕ, ಬಾಗಲಕೋಟೆ

ಉತ್ತರ: ಆ ಲೆಕ್ಕವನ್ನು ಬಿಟ್ಟುಬಿಡಿ ಸರ್. ಅದು ಆಲ್ಬರ್ಟ್ ಮೆಹ್ರಾಬಿಯನ್ ಅವರ 1967ರ ಎರಡು ಪ್ರಯೋಗಗಳಿಂದ ಬಂದದ್ದು. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಚಿತ್ರ ತೋರಿಸಿ, ಹೇಳುವವರಿಗೆ ಇಷ್ಟ ಇದೆಯೋ ಇಲ್ಲವೋ ಎಂದು ಊಹಿಸಲು ಹೇಳಿದ್ದರು. ಭಾವನೆ ಮತ್ತು ಮನೋಭಾವದ ಮಾತಿಗೆ ಮಾತ್ರ ಇದು ಅನ್ವಯ ಎಂದು ಅವರೇ ಹೇಳಿದ್ದಾರೆ.

ನಿಮ್ಮ ಕಡೆಯ ಜಾನಪದ ಆಟ ಶ್ರೀಕೃಷ್ಣ ಪಾರಿಜಾತವನ್ನೇ ತೆಗೆದುಕೊಳ್ಳಿ. ಕನ್ನಡ ಬಾರದವರನ್ನು ಕರೆದುಕೊಂಡು ಹೋಗಿ ಕೂರಿಸಿ. ಸತ್ಯಭಾಮೆಗೆ ಸಿಟ್ಟು ಬಂದಿದೆ ಎಂದು ಅವಳ ಕತ್ತು, ಕಣ್ಣು ನೋಡಿಯೇ ಹೇಳುತ್ತಾರೆ. ಯಾವುದಕ್ಕೆ ಸಿಟ್ಟು? ಹೂವು ರುಕ್ಮಿಣಿಗೆ ಹೋಯಿತು ಅಂತ. ಅದನ್ನು ತಿಳಿಯಲು ಮಾತು ಬೇಕೇ ಬೇಕು. ಭಾವ ಮೈಯಿಂದ ಬರುತ್ತದೆ, ವಿಷಯ ಮಾತಿನಿಂದ. ನೀವು ವ್ಯಾಕರಣ ಕಲಿಸಿ.

ಪ್ರಶ್ನೆ: ಏಳನೇ ತರಗತಿಯ ನಮ್ಮ ಮಗಳ ಮನೆಮಾತು ಉರ್ದು. ಕನ್ನಡ ತರಗತಿಯಲ್ಲಿ ತಲೆ ತಗ್ಗಿಸಿ ಕೂರುತ್ತಾಳಂತೆ, ಕಣ್ಣೆತ್ತಿ ನೋಡುವುದಿಲ್ಲವಂತೆ. ಆತ್ಮವಿಶ್ವಾಸ ಇಲ್ಲ ಎಂದು ಶಾಲೆಯಲ್ಲಿ ಹೇಳುತ್ತಾರೆ. ಏನು ಮಾಡಲಿ?
– ತಾಯಿ, ವಿಜಯಪುರ

ಉತ್ತರ: ಮೊದಲು ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಮ್ಮಾ. ದೊಡ್ಡವರು ಮಾತಾಡುವಾಗ ಕಣ್ಣು ತಗ್ಗಿಸಬೇಕು ಎಂದು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕಲಿಸುತ್ತಾರೆ. ಅದು ಮರ್ಯಾದೆ. ಅದನ್ನು ಹೆದರಿಕೆ ಎಂದು ಓದಬಾರದು. ಹೊಸ ಭಾಷೆ ಕಲಿಯುವವರು ಮೊದಲು ಸ್ವಲ್ಪ ಕಾಲ ಬರೀ ಕೇಳುವುದೂ ಸಹಜ.

ಅವಳ ಟೀಚರ್ ಹತ್ತಿರ ಎರಡು ವಿಷಯ ಮಾತಾಡಿ. ಒಂದು, ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಲಿ. ಅಮೆರಿಕದ ವಿಜ್ಞಾನ ತರಗತಿಗಳನ್ನು ನೋಡಿದ ಮೇರಿ ಬಡ್ ರೋ ಅವರು, ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ ಎಂದು 1974ರಲ್ಲಿ ಬರೆದರು. 3 ಸೆಕೆಂಡ್ ಕಾದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದ ಮಕ್ಕಳೂ ಮಾತಾಡಿದರು. ಇನ್ನೊಂದು, ಕಾಯುವಾಗ ಅವಳ ಮುಖವನ್ನೇ ದಿಟ್ಟಿಸದೆ ಪುಸ್ತಕದ ಕಡೆ ನೋಡಲಿ.

ಮನೆಯಲ್ಲಿ ನೀವೂ ಆಡಿಸಬಹುದು. ಸಂಜೆ ರೊಟ್ಟಿ ಬಡಿಯುವಾಗ ಅವಳಿಗೆ ಕನ್ನಡದಲ್ಲಿ ಹೇಳಿ: "ನೀರು ಕೊಡು", "ಹಂಚು ಇಡು", "ಬೆಂಕಿ ಕಡಿಮೆ ಮಾಡು". ಅವಳು ಮಾತಾಡಬೇಕಿಲ್ಲ, ಕೆಲಸ ಮಾಡಿದರೆ ಸಾಕು. ಮೊದಲು ಮೈಯಿಂದ ಉತ್ತರ, ಆಮೇಲೆ ಬಾಯಿಂದ ಎಂಬ ಈ ಕ್ರಮವನ್ನು ಅಮೆರಿಕದ ಜೇಮ್ಸ್ ಆಶರ್ 1960ರ ದಶಕದಲ್ಲೇ ಒಂದು ಬೋಧನಾ ವಿಧಾನವಾಗಿ ಬೆಳೆಸಿದರು. ಹತ್ತು ಹದಿನೈದು ದಿನ ಬಿಟ್ಟು ಸರದಿ ಬದಲಿಸಿ. ಅವಳು ಕನ್ನಡದಲ್ಲಿ ಹೇಳಲಿ, ನೀವು ಹಂಚು ಇಡಿ.