ಬೊರೊಮಿರ್ ಬಿದ್ದ ಜಾಗದಿಂದ ಮತ್ತೆ ಶುರು ಮಾಡಿ

ನಮಸ್ಕಾರ,

ಟೋಲ್ಕಿನ್ ಅವರ ಕಾದಂಬರಿಯನ್ನು ಆಧರಿಸಿ ಪೀಟರ್ ಜಾಕ್ಸನ್ ಮಾಡಿದ 'ದ ಫೆಲೋಶಿಪ್ ಆಫ್ ದ ರಿಂಗ್' ಸಿನಿಮಾ ಬಗ್ಗೆ ನೀವು ಕಳಿಸಿದ ಬರಹವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಅದರ ಒಳಗೆ ನಿಜಕ್ಕೂ ಒಳ್ಳೆಯ ಬರಹವೊಂದು ಇದೆ. ಅದು ಕೊನೆಯ ಪುಟದಲ್ಲಿ, ಬರೀ ಎರಡು ವಾಕ್ಯದಲ್ಲಿದೆ. ಅದಕ್ಕೇ ಇಷ್ಟು ಉದ್ದದ ಉತ್ತರ.

ಮೊದಲು ತಕರಾರು ಹೇಳಿಬಿಡುತ್ತೇನೆ. ನಿಮ್ಮ ಬರಹದ ಮುಕ್ಕಾಲು ಪಾಲು, ಪುಸ್ತಕದಲ್ಲಿದ್ದು ಸಿನಿಮಾದಲ್ಲಿ ಇಲ್ಲದ ಸಂಗತಿಗಳ ಪಟ್ಟಿ. ಟಾಮ್ ಬಾಂಬಡಿಲ್ ಇಲ್ಲ. ಬಿಲ್ಬೋ ಊರು ಬಿಟ್ಟ ಮೇಲೆ ಫ್ರೋಡೊ ಹೊರಡುವವರೆಗೆ ಕಳೆಯುವ 17 ವರ್ಷ ಇಲ್ಲ. ಗ್ಲಾರ್ಫಿಂಡೆಲ್ ಜಾಗಕ್ಕೆ ಆರ್ವೆನ್ ಬಂದಿದ್ದಾಳೆ. ಎಲ್ಲ ನಿಜ. ಆದರೆ ಟೋಲ್ಕಿನ್ ಅವರನ್ನು ಓದಿದವರಿಗೆ ಇದು ಗೊತ್ತು. ಓದದವರಿಗೆ ಇವು ಬರೀ ಹೆಸರುಗಳು. ಹಾಗಾದರೆ ಈ ಪಟ್ಟಿ ಯಾರಿಗಾಗಿ?

ಕಾಡಿನಲ್ಲಿ ಬದುಕುವ ಆ ಬಾಂಬಡಿಲ್ ಒಬ್ಬನನ್ನೇ ತೆಗೆದುಕೊಳ್ಳಿ. 'ಅವನನ್ನು ಬಿಟ್ಟಿದ್ದು ದೊಡ್ಡ ಅನ್ಯಾಯ' ಎಂದು ಬರೆದು ಮುಂದೆ ಹೋಗಿದ್ದೀರಿ. ಹಾಕಿಕೊಂಡವರನ್ನು ಮಾಯ ಮಾಡುವ, ಫ್ರೋಡೊ ಹೊತ್ತೊಯ್ಯುವ ಆ ಕೇಡಿನ ಉಂಗುರವನ್ನು ಅವನು ಹಾಕಿಕೊಂಡರೂ ಮಾಯವಾಗುವುದಿಲ್ಲ ಎನ್ನುವುದನ್ನು ಹೇಳಲೇ ಇಲ್ಲ. ಇಡೀ ಲೋಕ ಹೆದರುವ ವಸ್ತು ಅವನಿಗೆ ಒಂದು ಆಟಿಕೆ. ಈ ಯುದ್ಧಕ್ಕಿಂತ ಹಳೆಯದು, ದೊಡ್ಡದು ಏನೋ ಒಂದು ಆ ಕಾಡಿನಲ್ಲಿದೆ ಎಂದು ಓದುವಾಗ ಅನಿಸುತ್ತದೆ. ಸಿನಿಮಾದಲ್ಲಿ ಕಳೆದುಹೋಗಿದ್ದು ಆ ಭಾವನೆ. ಇನ್ನೊಂದು ಕಡೆ, ಉಂಗುರದ ಭಯವನ್ನು ಹಂತಹಂತವಾಗಿ ಕಟ್ಟುತ್ತಿರುವ ಸಿನಿಮಾಕ್ಕೆ ಅವನು ಬಂದರೆ ಆ ಬಿಗಿಯೇ ಸಡಿಲವಾಗುತ್ತದೆ, ಅಲ್ವಾ? ಈ ಎಳೆದಾಟದ ಬಗ್ಗೆ ನೀವು ಬರೆದಿದ್ದರೆ ನಾನು ಖುಷಿಯಿಂದ ಓದುತ್ತಿದ್ದೆ.

ಹೊಗಳುವಾಗಲೂ ಇದೇ ತೊಂದರೆ. 'ಅದ್ಭುತ' ಎಂಬ ಪದ ಹದಿನಾಲ್ಕು ಸಲ ಬಂದಿದೆ. ಎತ್ತರದ ಮಾಂತ್ರಿಕ ಗಂಡಾಲ್ಫ್ ಮತ್ತು ಕುಳ್ಳ ಫ್ರೋಡೊ ಗಾಡಿಯಲ್ಲಿ ಬರುವ ದೃಶ್ಯವೂ ಅದ್ಭುತ ಎಂದಿದ್ದೀರಿ. ಅಲ್ಲಿ ಇಬ್ಬರೂ ಪಕ್ಕಪಕ್ಕದಲ್ಲಿ ಕೂತ ಹಾಗೆ ಕಾಣುತ್ತಾರೆ. ಆದರೆ ಒಬ್ಬ ನಟನನ್ನು ಕ್ಯಾಮೆರಾಕ್ಕೆ ಹತ್ತಿರ, ಇನ್ನೊಬ್ಬನನ್ನು ಹಿಂದೆ ಕೂರಿಸಿ ಆ ಎತ್ತರದ ವ್ಯತ್ಯಾಸ ತಂದಿದ್ದಾರೆ. ಏನು ಕಂಡಿರಿ ಎಂದು ಬರೆಯಿರಿ. ಅದ್ಭುತ ಎನ್ನುವುದನ್ನು ಓದುವವರೇ ಹೇಳಿಕೊಳ್ಳುತ್ತಾರೆ.

ಈಗ ಆ ಎರಡು ವಾಕ್ಯ, ಜೊತೆಗಾರನಾಗಿದ್ದೂ ಫ್ರೋಡೊನಿಂದ ಉಂಗುರ ಕಿತ್ತುಕೊಳ್ಳಲು ನೋಡಿದ ಬೊರೊಮಿರ್ ಬಗ್ಗೆ. 'ಬೊರೊಮಿರ್ ಬಿದ್ದಾಗ ನಾನು ಪುಸ್ತಕವನ್ನು ಮರೆತೆ. ಪುಸ್ತಕದಲ್ಲಿ ನಾನು ಅವನನ್ನು ಯಾವತ್ತೂ ಕ್ಷಮಿಸಿರಲಿಲ್ಲ.'

ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆದರೆ ನೀವು ಅಲ್ಲಿ ನಿಲ್ಲಲಿಲ್ಲ. ಮುಂದಿನ ಸಾಲಿಗೇ ಸಂಗೀತದ ಮಾತಿಗೆ ಹೋಗಿಬಿಟ್ಟಿರಿ.

ಅದೇ ಪುಟದಲ್ಲಿ ಒಂದು ತಪ್ಪೂ ಇದೆ. ಬೊರೊಮಿರ್ ಸಾಯುವುದು ಮೊದಲ ಸಂಪುಟದ ಕೊನೆಯಲ್ಲಿ ಎಂದಿದ್ದೀರಿ. ಅಲ್ಲ. 1954ರಲ್ಲಿ ಬಂದ ಮೊದಲ ಸಂಪುಟ, ಫ್ರೋಡೊ ಮತ್ತು ಅವನ ಗೆಳೆಯ ಸ್ಯಾಮ್ ಬೇರೆ ದಾರಿ ಹಿಡಿಯುವಲ್ಲಿಗೆ ಮುಗಿಯುತ್ತದೆ. ಬೊರೊಮಿರ್ ಸಾಯುವುದು ಎರಡನೇ ಸಂಪುಟದ ಮೊದಲ ಅಧ್ಯಾಯದಲ್ಲಿ. ಅಲ್ಲಿ ನಾವು ಕಾಳಗವನ್ನು ನೋಡುವುದೇ ಇಲ್ಲ. ಜೊತೆಗಾರ ಅರಗಾರ್ನ್‌ಗೆ ಬೊರೊಮಿರ್‌ನ ಕೊಂಬಿನ ಕೂಗು ಕೇಳುತ್ತದೆ. ಅವನು ಓಡುತ್ತಾನೆ, ಅವನ ಜೊತೆ ನಾವೂ. ತಲುಪುವ ಹೊತ್ತಿಗೆ ಎಲ್ಲ ಮುಗಿದಿದೆ. ಬೊರೊಮಿರ್ ಮರಕ್ಕೆ ಒರಗಿ ಕೂತಿದ್ದಾನೆ, ಮೈತುಂಬ ಬಾಣ. ಸಿನಿಮಾ ಈ ಸಾವನ್ನು ಹಿಂದಕ್ಕೆ ತಂದು ಮೊದಲ ಭಾಗದ ಕೊನೆಗೆ ಇಟ್ಟಿತು. ಒಂದು ಬಾಣ ನಾಟಿದರೂ ಅವನು ಎದ್ದು ಹೋರಾಡುವುದನ್ನು ಕಣ್ಣೆದುರೇ ತೋರಿಸಿತು.

ಇದನ್ನು ಬರೀ ತಪ್ಪು ಎಂದು ತಿದ್ದಿ ಮುಗಿಸಬೇಡಿ. ಸಿನಿಮಾ ಪುಸ್ತಕಕ್ಕೆ ನಿಷ್ಠೆ ತೋರಲಿಲ್ಲ ಎಂದು ಎಂಟು ಪುಟ ಬರೆದ ನಿಮ್ಮ ನೆನಪಿನಲ್ಲೇ, ಆ ಸಿನಿಮಾ ಪುಸ್ತಕದ ಜಾಗದಲ್ಲಿ ಬಂದು ಕೂತಿದೆ. ಅದು ಹೇಗಾಯಿತು? ನಿಮ್ಮ ಬರಹದ ವಿಷಯ ಇದೇ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಇನ್ನೊಂದು ಗಮನಿಸಿ. ಸಿನಿಮಾದಲ್ಲಿ ಉಂಗುರವನ್ನು ಏನು ಮಾಡುವುದೆಂದು ಚರ್ಚಿಸುವ ಸಭೆಯಲ್ಲಿ, ಬೊರೊಮಿರ್ ತನ್ನ ನಾಡು ಗೊಂಡೋರ್‌ಗೆ ರಾಜ ಬೇಕಿಲ್ಲ ಎನ್ನುತ್ತಾನೆ. ಸಾಯುವಾಗ, ಆ ನಾಡಿನ ಸಿಂಹಾಸನದ ವಾರಸುದಾರನಾದ ಅರಗಾರ್ನ್‌ನನ್ನೇ ತನ್ನ ರಾಜ ಎಂದು ಕರೆಯುತ್ತಾನೆ. ಈ ಎರಡೂ ಮಾತು ಪುಸ್ತಕದಲ್ಲಿ ಇಲ್ಲ. ಉಂಗುರ ಕಿತ್ತುಕೊಳ್ಳಲು ನೋಡಿದೆ ಎಂಬ ತಪ್ಪೊಪ್ಪಿಗೆ ಮಾತ್ರ ಎರಡರಲ್ಲೂ ಇದೆ. ಬಿಟ್ಟಿದ್ದನ್ನೆಲ್ಲ ಎಣಿಸಿದ ನೀವು ಸೇರಿಸಿದ್ದನ್ನು ನೋಡಲೇ ಇಲ್ಲ. ನಿಮ್ಮಿಂದ ಆ ಕ್ಷಮೆ ಹೊರಡಿಸಿದ್ದು ಈ ಸೇರಿಸಿದ ಮಾತೇ ಇರಬಹುದು.

ನನಗಂತೂ ಈಗಲೂ ಪುಸ್ತಕದ ಸಾವೇ ಜಾಸ್ತಿ ಇಷ್ಟ. ತಡವಾಗಿ ತಲುಪಿದವರ ಸಂಕಟ ಅಲ್ಲಿದೆ. ಅದಕ್ಕಾಗಿ ನೀವು ನನ್ನನ್ನು ಒಪ್ಪಬೇಕಿಲ್ಲ, ವಾದ ಮಾಡಿ.

ಪಟ್ಟಿಯನ್ನು ಪೂರ್ತಿ ತೆಗೆಯಿರಿ. ಆ ಎರಡು ವಾಕ್ಯವನ್ನೇ ಮೊದಲು ಇಡಿ. ಮೊದಲ ಸಲ ಓದಿದಾಗ ನಿಮಗೆ ವಯಸ್ಸೆಷ್ಟು, ಅವನ ಮೇಲೆ ಯಾಕೆ ಅಷ್ಟು ಸಿಟ್ಟಿತ್ತು ಎಂದು ಹೇಳಿ. ಬರೆಯುವ ಮುಂಚೆ ಆ ಅಧ್ಯಾಯವನ್ನು ಇನ್ನೊಮ್ಮೆ ಓದಿ, ಚಿಕ್ಕದೇ ಇದೆ. ಈಗ ಓದುವಾಗ ಅವನನ್ನು ಕ್ಷಮಿಸಲು ಆಗುತ್ತದೆಯೋ ಇಲ್ಲವೋ, ಅದನ್ನೂ ಬರೆದು ಕಳಿಸಿ. ನಾನೇ ಓದುತ್ತೇನೆ.

ಪ್ರೀತಿಯಿಂದ,
ಸಂಪಾದಕ