ಓದುಗರ ಪ್ರಶ್ನೆ: ಅಧಿಕಾರಿಗಳು ನೋಡಿ ಮುಗಿಸಿದ ಕಾಮಗಾರಿಗೆ ಮತ್ತೆ ತಪಾಸಣೆ ಏಕೆ?

ಪ್ರಶ್ನೆ: ಉದ್ಯೋಗ ಖಾತರಿ ಕಾಮಗಾರಿಗಳ ಸಾಮಾಜಿಕ ಪರಿಶೋಧನೆಗೆಂದು ಹೊರಗಿನ ತಂಡವೊಂದು ಕೆಲ ಕಾಲದ ಹಿಂದೆ ನಮ್ಮ ಗ್ರಾಮ ಪಂಚಾಯಿತಿಗೆ ಬಂದಿತ್ತು. ಎಂಜಿನಿಯರ್ ಅಳತೆ ಮಾಡಿ, ತಾಲ್ಲೂಕು ಪಂಚಾಯಿತಿಯವರು ನೋಡಿ, ಲೆಕ್ಕಪತ್ರಗಳ ಪರಿಶೋಧನೆಯೂ ಮುಗಿದ ಮೇಲೆ ಇನ್ನೊಂದು ತಪಾಸಣೆಯಿಂದ ಊರಿಗೆ ಆಗುವ ಲಾಭವೇನು?
— ಓದುಗರೊಬ್ಬರು, ಚನ್ನಗಿರಿ ತಾಲ್ಲೂಕು

ಉತ್ತರ: ನೀವು ಹೇಳಿದ ಮೊದಲೆರಡು ತಪಾಸಣೆಗಳನ್ನು ಮಾಡುವವರು ಕಾಮಗಾರಿಯ ಹೊಣೆ ಹೊತ್ತ ವ್ಯವಸ್ಥೆಗೇ ಸೇರಿದವರು, ಮೂರನೆಯದು ಬಹುಮಟ್ಟಿಗೆ ವೋಚರು, ಬಿಲ್ಲುಗಳನ್ನು ತಾಳೆ ನೋಡುತ್ತದೆ. ಹಾಜರಿ ಪಟ್ಟಿ, ಅಳತೆ ಪುಸ್ತಕ, ಬಿಲ್ಲು ಒಂದಕ್ಕೊಂದು ಹೊಂದಿಕೊಂಡರೆ ಲೆಕ್ಕದ ಮಟ್ಟಿಗೆ ಎಲ್ಲವೂ ಸರಿ. ಮೂರನ್ನೂ ಒಂದೇ ವ್ಯವಸ್ಥೆಯವರು ಬರೆದಿರುವಾಗ ಅವು ಹೊಂದದಿದ್ದರೇ ಆಶ್ಚರ್ಯ.

ಸಾಮಾಜಿಕ ಪರಿಶೋಧನೆಯ ತಂಡ ಅದೇ ಕಾಗದಗಳನ್ನು ಹಿಡಿದುಕೊಂಡು ಹೊಲಕ್ಕೆ ಹೋಗುತ್ತದೆ. ಮೂರು ಮೀಟರ್ ಆಳವೆಂದು ಬರೆದ ಕೃಷಿಹೊಂಡಕ್ಕೆ ಟೇಪು ಇಳಿಬಿಟ್ಟು ನೋಡುತ್ತದೆ, ಎನ್.ಎಂ.ಆರ್. ಎಂಬ ಹಾಜರಿ ಪಟ್ಟಿಯಲ್ಲಿ ಹೆಸರಿರುವವರ ಮನೆಗೆ ಹೋಗಿ, ಜಾಬ್ ಕಾರ್ಡನ್ನು ಎದುರಿಗಿಟ್ಟುಕೊಂಡು, ಎಷ್ಟು ದಿನ ದುಡಿದಿರಿ, ಕೂಲಿ ಖಾತೆಗೆ ಬಂತೇ ಎಂದು ವಿಚಾರಿಸುತ್ತದೆ. ಬೆಂಗಳೂರಿಗೆ ದುಡಿಯಲು ಹೋದವರ ಹೆಸರಿನಲ್ಲಿ ಇಲ್ಲಿ ಹಾಜರಿ ಬಿದ್ದಿದ್ದರೆ, ಅದು ಪಕ್ಕದ ಮನೆಯವರ ಒಂದೇ ಮಾತಿನಿಂದ ಹೊರಬೀಳುತ್ತದೆ.

ಈ ವಿಧಾನಕ್ಕೆ ದಾರಿ ತೋರಿದ್ದು ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ. 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾ ಎಂಬ ಊರಿನಲ್ಲಿ ಅದು ಜನರ ಅಹವಾಲು ಸಭೆ ಸೇರಿಸಿ ಸರ್ಕಾರಿ ದಾಖಲೆಗಳನ್ನು ಕೂಲಿಕಾರರ ಎದುರೇ ಓದಿಸಿತು. 2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಪ್ರಕರಣ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಗೆ ವಹಿಸಿತು. ಪರಿಶೋಧನೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು, ಅದು ಕಾಮಗಾರಿ ನಡೆಸುವವರ ಹಿಡಿತದಲ್ಲಿರಬಾರದು, ತಪಾಸಣೆಗೆ ಬರುವವರು ಅದೇ ಪಂಚಾಯಿತಿಯ ನಿವಾಸಿಗಳಾಗಿರಬಾರದು ಎಂದು 2011ರ ನಿಯಮಗಳು ವಿಧಿಸಿದವು. ಕೊನೆಯ ಷರತ್ತು ಸಣ್ಣದೆಂದು ಕಾಣಬಹುದು; ಆದರೆ ಊರಿನಲ್ಲಿ ನೆಂಟಸ್ತಿಕೆ, ಸಾಲ, ಜಾತಿಗಳ ನಂಟು ಎಷ್ಟು ಬಿಗಿಯೆಂದು ಬಲ್ಲವರಿಗೆ ಅದರ ಬೆಲೆ ಗೊತ್ತು.

ಇಷ್ಟಾಗಿಯೂ ನಿಮ್ಮ ಅನುಮಾನ ಪೂರ್ತಿ ನಿರಾಧಾರವಲ್ಲ. ತಂಡ ತಪ್ಪನ್ನು ಎತ್ತಿ ತೋರಿಸಬಹುದೇ ಹೊರತು ಹಣ ವಸೂಲಿ ಮಾಡುವ, ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರ ಅದಕ್ಕಿಲ್ಲ. ಅಲ್ಲಿ ಆಡಳಿತ ಕೈಕಟ್ಟಿ ಕೂತರೆ, ಎಂಥ ಪ್ರಾಮಾಣಿಕ ವರದಿಯೂ ಬೀರು ಸೇರುತ್ತದೆ; ಬಹಳ ಕಡೆ ಆಗುತ್ತಿರುವುದೂ ಅದೇ. ಇದನ್ನು ಊಹಿಸಿಯೇ ಇರಬೇಕು, ಹಿಂದಿನ ಪರಿಶೋಧನೆಯ ಮೇಲೆ ಕೈಗೊಂಡ ಕ್ರಮದ ವರದಿಯನ್ನು ಪ್ರತಿ ಸಭೆಯ ಆರಂಭದಲ್ಲೇ ಎಲ್ಲರೆದುರು ಓದಬೇಕು, ವರದಿಯನ್ನು ಸ್ಥಳೀಯ ಭಾಷೆಯಲ್ಲಿ ಬರೆದು ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕಬೇಕು ಎಂದೂ ಅದೇ ನಿಯಮಗಳು ಹೇಳಿದವು.

ನಿಮ್ಮೂರಿಗೆ ಬಂದ ತಂಡದ ವರದಿಯನ್ನು ಫಲಕದಲ್ಲಿ ಹಾಕಿದ್ದರೇ ಎಂಬುದನ್ನು ಮೊದಲು ವಿಚಾರಿಸಿ. ಹಾಕಿಲ್ಲದಿದ್ದರೆ ಅದರ ಪ್ರತಿಯನ್ನು ಮಾಹಿತಿ ಹಕ್ಕಿನ ಅರ್ಜಿಯ ಮೂಲಕ ಪಡೆದುಕೊಂಡು, ಅದರಲ್ಲಿನ ಒಂದೊಂದು ಆಕ್ಷೇಪಣೆಗೂ ಏನು ಕ್ರಮವಾಯಿತೆಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.