ಡಾಟ್ಸನ್ 240ಝಡ್ ಕಾರಿನ ಬ್ರೇಕ್ ಬೂಸ್ಟರ್ ಬದಲಿಸುವಾಗ ಏನನ್ನು ಗಮನಿಸಬೇಕು?

ಎಂಜಿನ್‌ನ ವ್ಯಾಕ್ಯೂಮ್ (ನಿರ್ವಾತ) ಬಳಸಿ ಬ್ರೇಕ್ ಒತ್ತುವ ಬಲವನ್ನು ಹೆಚ್ಚಿಸುವ ಭಾಗವೇ ಬೂಸ್ಟರ್. ಮೊದಲು ಅದೇ ಕೆಟ್ಟಿದೆಯಾ ಖಚಿತಪಡಿಸಿಕೊಳ್ಳಿ. ಎಂಜಿನ್ ಆಫ್ ಇದ್ದಾಗ ಪೆಡಲನ್ನು ನಾಲ್ಕೈದು ಸಲ ತುಳಿದು, ಕಾಲು ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ವ್ಯಾಕ್ಯೂಮ್ ಪೈಪು ಮತ್ತು ಚೆಕ್ ವಾಲ್ವ್ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ) ನೋಡಿ. 1970ರ ದಶಕದ ಕಾರಿನಲ್ಲಿ ರಬ್ಬರ್ ಸೀಳಿರುವುದು ಸಾಮಾನ್ಯ.

ಬಿಚ್ಚುವುದು ಕಷ್ಟವಲ್ಲ. ಮಾಸ್ಟರ್ ಸಿಲಿಂಡರ್ (ಬ್ರೇಕ್ ಆಯಿಲನ್ನು ಚಕ್ರಗಳತ್ತ ಒತ್ತುವ ಭಾಗ) ಕಳಚಿ, ಪೆಡಲ್‌ನ ಪಿನ್ ತೆಗೆದು, ಡ್ಯಾಶ್‌ಬೋರ್ಡ್ ಕೆಳಗಿನ ನಟ್‌ಗಳನ್ನು ಬಿಚ್ಚಿದರಾಯಿತು. ಬೂಸ್ಟರ್ ಒಳಗೆ ಬ್ರೇಕ್ ಆಯಿಲ್ ಕಂಡರೆ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಸೋರುತ್ತಿದೆ ಎಂದರ್ಥ. ಅದನ್ನು ಹಾಗೇ ಬಿಟ್ಟರೆ ಹೊಸ ಬೂಸ್ಟರೂ ಹಾಳಾಗುತ್ತದೆ.

ಹೆಚ್ಚು ಜನ ಎಡವುವುದು ಪುಶ್‌ರಾಡ್, ಅಂದರೆ ಬೂಸ್ಟರ್‌ನಿಂದ ಮಾಸ್ಟರ್ ಸಿಲಿಂಡರನ್ನು ಒತ್ತುವ ಕಡ್ಡಿಯ ಹತ್ತಿರ. ಅದರ ಹಿಂದೆ ರಿಯಾಕ್ಷನ್ ಡಿಸ್ಕ್ ಎಂಬ ಪುಟ್ಟ ರಬ್ಬರ್ ಬಿಲ್ಲೆ ಇರುತ್ತದೆ. ರಾಡನ್ನು ಹೊರಗೆಳೆದರೆ ಬಿಲ್ಲೆ ಕಳಚಿ ಬೂಸ್ಟರ್ ಒಳಗೆ ಬೀಳಬಹುದು. ಆಗ ಪೆಡಲ್ ಮುಟ್ಟಿದರೆ ಸಾಕು, ಬ್ರೇಕ್ ಗಕ್ಕನೆ ಹಿಡಿಯುತ್ತದೆ; ಮಳೆಯಲ್ಲಿ ಇದು ತೀರಾ ಅಪಾಯ. ಆದ್ದರಿಂದ ದಯವಿಟ್ಟು ರಾಡನ್ನು ಎಳೆಯಬೇಡಿ.

ಹೊಸ ಬೂಸ್ಟರ್‌ನ ರಾಡ್ ಉದ್ದವನ್ನು ಅಳೆಯದೆ ಜೋಡಿಸಬೇಡಿ. ಉದ್ದ ಹೆಚ್ಚಾದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಒತ್ತಡ ಉಳಿದು ಬ್ರೇಕ್ ಜಾಮ್ ಆಗಿ ಬಿಸಿಯಾಗುತ್ತದೆ. ಕಡಿಮೆಯಾದರೆ ಪೆಡಲ್ ಆಳಕ್ಕಿಳಿಯುತ್ತದೆ. ರಾಡ್ ಮತ್ತು ಪಿಸ್ಟನ್ ನಡುವೆ ಕೂದಲೆಳೆಯಷ್ಟು ಸಂದು ಇರಲಿ; ನಿಖರ ಅಳತೆಗೆ ಕಾರಿನ ಸರ್ವಿಸ್ ಮ್ಯಾನುಯಲ್ ನೋಡಿ.

ಕೊನೆಗೆ ನಾಲ್ಕೂ ಚಕ್ರಗಳ ಬ್ರೇಕ್ ಪೈಪಿನಲ್ಲಿ ಸೇರಿದ ಗಾಳಿ ತೆಗೆದು, ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ಬ್ರೇಕ್ ಪರೀಕ್ಷಿಸಿ.